ಕಳೆದುಹೋದ ಬಂಧುಗಳ ಶೋಧ: ಐರಿಶ್ ವಲಸಿಗರ ವಂಶಾನ್ವೇಷಣೆಯಲ್ಲಿ ಹಳೆಯ ಪತ್ರಿಕೆಗಳು ಮತ್ತು ದೇಶಾಭಿಮಾನಿ ಸಂಘಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಲಕ್ಷಾಂತರ ಜನರ ಸಂತತಿಯವರು ತಮ್ಮ ಪೂರ್ವಿಕರ ಊರನ್ನು ಹುಡುಕಲು ಹೊರಟಾಗ ಅವರಿಗೆ ಸರ್ಕಾರಿ ಕಡತಗಳಲ್ಲಿ ಬಹುತೇಕ ದೊರೆಯುವುದು ಒಂದೇ ಪದ: ಐರ್ಲೆಂಡ್. 1850ರಿಂದ ಅಮೆರಿಕದ ಜನಗಣತಿಯು ಮನೆಯ ಪ್ರತಿಯೊಬ್ಬರ ಹೆಸರನ್ನೂ ಜನ್ಮಸ್ಥಳವನ್ನೂ ದಾಖಲಿಸಿತಾದರೂ, ವಿದೇಶದಲ್ಲಿ ಹುಟ್ಟಿದವರ ವಿಷಯದಲ್ಲಿ ದೇಶದ ಹೆಸರಿನಿಂದಾಚೆಗೆ ಸಾಮಾನ್ಯವಾಗಿ ಹೋಗಲಿಲ್ಲ. 1820ರಿಂದ ದೊರೆಯುವ ಹಡಗುಗಳ ಪ್ರಯಾಣಿಕರ ಪಟ್ಟಿಗಳೂ ಹೆಚ್ಚಾಗಿ ಇದೇ ಬಗೆಯವು. 1906ಕ್ಕೆ ಮೊದಲಿನ ಪೌರತ್ವದ ಕಾಗದಗಳಲ್ಲಿ ಅರ್ಜಿದಾರನು ಬ್ರಿಟನ್ನಿನ ದೊರೆಗೆ ನಿಷ್ಠೆ ತೊರೆದನೆಂಬ ಒಕ್ಕಣೆ ಇರುತ್ತದೆಯೇ ಹೊರತು ಅವನ ಹಳ್ಳಿಯ ಹೆಸರು ಅಪರೂಪ. ಆದರೆ ಐರ್ಲೆಂಡಿನಲ್ಲಿ 32 ಕೌಂಟಿಗಳೂ, ಅವುಗಳೊಳಗೆ ಪ್ಯಾರಿಷ್‌ಗಳೂ, ಅವುಗಳೊಳಗೆ ಟೌನ್‌ಲ್ಯಾಂಡ್ ಎಂದು ಕರೆಯಲಾಗುವ ಅರವತ್ತು ಸಾವಿರಕ್ಕೂ ಹೆಚ್ಚು ಕಿರು ಭೂವಿಭಾಗಗಳೂ ಇವೆ. ಟೌನ್‌ಲ್ಯಾಂಡಿನ ಅಥವಾ ಕನಿಷ್ಠ ಪ್ಯಾರಿಷ್‌ನ ಹೆಸರು ತಿಳಿಯದ ಹೊರತು ಅಲ್ಲಿಯ ದಾಖಲೆಗಳ ಬಾಗಿಲು ತೆರೆಯುವುದಿಲ್ಲ. ಈ ಒಂದು ಹೆಸರನ್ನು ದೊರಕಿಸಿಕೊಡುವಲ್ಲಿ ವಲಸಿಗರೇ ನಡೆಸಿದ ಪತ್ರಿಕೆಗಳು ಮತ್ತು ಅವರೇ ಕಟ್ಟಿಕೊಂಡ ಸಂಘಗಳು ವಹಿಸುವ ಪಾತ್ರವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಷ್ಟವಾದ ದಾಖಲೆಗಳ ಹಿನ್ನೆಲೆ

ಈ ಆಕರಗಳ ಮಹತ್ವ ಅರಿವಾಗಬೇಕಾದರೆ ನಷ್ಟವಾದುದರ ಪರಿಚಯ ಅಗತ್ಯ. 1922ರ ಜೂನ್ 30ರಂದು, ಐರಿಶ್ ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಆಹುತಿಯಾಯಿತು. 1821, 1831, 1841 ಮತ್ತು 1851ರ ಜನಗಣತಿಯ ಹಾಳೆಗಳಲ್ಲಿ ಕೆಲವು ತುಣುಕುಗಳು ಮಾತ್ರ ಉಳಿದವು. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರವೇ ಮೊದಲು ನಾಶಪಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಗಿದ್ದವು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಒಂದು ಜನಗಣತಿಯೂ ಇಡಿಯಾಗಿ ಉಳಿದಿಲ್ಲ. 1901 ಮತ್ತು 1911ರವು ಮಾತ್ರ ಪೂರ್ಣವಾಗಿ ಲಭ್ಯ. ಜನನ, ಮರಣ ಮತ್ತು ಎಲ್ಲ ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1864ರಲ್ಲಿ. ಅಷ್ಟರಲ್ಲಿ ಮಹಾಕ್ಷಾಮ ಮುಗಿದು ಒಂದು ದಶಕವೇ ಕಳೆದಿತ್ತು. ಆಲೂಗಡ್ಡೆಯ ಬೆಳೆಗೆ ತಗುಲಿದ ರೋಗದಿಂದ ಮೊದಲಾಗಿ 1845ರಿಂದ 1852ರವರೆಗೆ ಮುಂದುವರಿದ ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ನಾಡು ಬಿಟ್ಟರು. ನೋಂದಣಿ ಅತ್ಯಂತ ಅಗತ್ಯವಾಗಿದ್ದ ಕಾಲದಲ್ಲೇ ಅದು ಇರಲಿಲ್ಲವೆಂಬುದು ವಿಷಾದದ ಸಂಗತಿ. ಅಮೆರಿಕದ ಕಡೆಯಲ್ಲಿಯೂ 1890ರ ಜನಗಣತಿಯ ಬಹುಭಾಗ 1921ರ ಬೆಂಕಿ ಅನಾಹುತದ ಪರಿಣಾಮವಾಗಿ ನಷ್ಟವಾಯಿತು.

‘ಪೈಲಟ್’ ಪತ್ರಿಕೆಯ ಜಾಹೀರಾತುಗಳು

ಸರ್ಕಾರ ಬರೆದಿಡದೆ ಹೋದುದನ್ನು ಬಂಧುಗಳ ಸಂಕಟ ಬರೆದಿಟ್ಟಿತು. ಬಾಸ್ಟನ್ ನಗರದ ಕ್ಯಾಥೊಲಿಕ್ ವಾರಪತ್ರಿಕೆ ‘ದಿ ಪೈಲಟ್’ 1829ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾಯಿತು. 1831ರ ಅಕ್ಟೋಬರಿನಿಂದ ಅದರಲ್ಲಿ ಕಾಣೆಯಾದ ಬಂಧುಮಿತ್ರರನ್ನು ವಿಚಾರಿಸುವ ಜಾಹೀರಾತುಗಳು ಪ್ರಕಟವಾಗತೊಡಗಿ, 1921ರವರೆಗೆ ಮುಂದುವರಿದವು. ಒಟ್ಟು ಸಂಖ್ಯೆ ನಲವತ್ತು ಸಾವಿರವನ್ನು ಮೀರುತ್ತದೆ. ಇವುಗಳನ್ನು ಮೊದಲು ನ್ಯೂ ಇಂಗ್ಲೆಂಡಿನ ವಂಶಾವಳಿ ಸಂಸ್ಥೆಯು ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಅನಂತರ ಬಾಸ್ಟನ್ ಕಾಲೇಜು ಇವುಗಳ ಗಣಕೀಕೃತ ಸೂಚಿಯನ್ನು ಸಿದ್ಧಪಡಿಸಿತು.

ಈ ಜಾಹೀರಾತುಗಳಿಗೆ ಒಂದು ನಿಶ್ಚಿತ ಸ್ವರೂಪವಿತ್ತು. ಕಾಣೆಯಾದವನ ಹೆಸರು, ಹುಟ್ಟಿದ ಕೌಂಟಿ, ಪ್ಯಾರಿಷ್, ಹಲವು ಬಾರಿ ಟೌನ್‌ಲ್ಯಾಂಡ್, ಹಡಗು ಹತ್ತಿದ ಅಥವಾ ಇಳಿದ ಬಂದರು ಮತ್ತು ವರ್ಷ, ಮಾಡುತ್ತಿದ್ದ ಕೆಲಸ, ಕೊನೆಯ ಬಾರಿ ಸುದ್ದಿ ಬಂದ ಊರು, ಕಡೆಯಲ್ಲಿ ಹುಡುಕುತ್ತಿರುವವರ ಹೆಸರು ಮತ್ತು ವಿಳಾಸ, ಇವೆಲ್ಲ ಕೆಲವೇ ಸಾಲುಗಳಲ್ಲಿ ಅಡಕವಾಗಿರುತ್ತಿದ್ದವು. ಇಷ್ಟು ವಿವರವನ್ನು ಕೊಡಲು ಕಾರಣ ಸರಳವಾದುದು. ಒಂದೇ ಹೆಸರಿನ ನೂರಾರು ಜನರಿದ್ದ ಸಮುದಾಯದಲ್ಲಿ ‘ಇವನೇ ಅವನು’ ಎಂದು ಓದುಗರು ಗುರುತಿಸಬೇಕಾದರೆ ಊರು ಮತ್ತು ಮನೆತನದ ಗುರುತು ಬೇಕಾಗಿತ್ತು. ಅಂದು ಬದುಕಿದ್ದವನನ್ನು ಗುರುತಿಸಲು ಕೊಟ್ಟ ಲಕ್ಷಣಗಳೇ ಇಂದು ಸತ್ತವನನ್ನು ಗುರುತಿಸಲು ನೆರವಾಗುತ್ತಿವೆ.

ಜಾಹೀರಾತುಗಳ ಹಿಂದಿನ ಸಾಮಾಜಿಕ ಸ್ಥಿತಿಯೂ ಗಮನಾರ್ಹ. ಕಾಲುವೆ ಮತ್ತು ರೈಲುಮಾರ್ಗಗಳ ಕೂಲಿಗಳು ಕೆಲಸ ಸಾಗಿದತ್ತ ಸಾಗುತ್ತಿದ್ದರು. ಅವರಿಗೆ ಸ್ಥಿರವಾದ ವಿಳಾಸವಿರಲಿಲ್ಲ. ಗಂಡ ಮೊದಲು ಹೋಗಿ ಹಣ ಕಳಿಸಿದ ಮೇಲೆ ಹೆಂಡತಿ ಮಕ್ಕಳೊಡನೆ ಹಡಗು ಹತ್ತುವುದು ರೂಢಿಯಾಗಿತ್ತು. ಅವಳು ಬಂದಿಳಿಯುವಷ್ಟರಲ್ಲಿ ಅವನು ಬೇರೆ ರಾಜ್ಯಕ್ಕೆ ಹೋಗಿರುತ್ತಿದ್ದ. ಓದು ಬಾರದವರು ಪರರ ಕೈಯಿಂದ ಪತ್ರ ಬರೆಸುತ್ತಿದ್ದರು. 1861–65ರ ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ ಮಗನನ್ನೋ ತಮ್ಮನನ್ನೋ ವಿಚಾರಿಸುವ ಜಾಹೀರಾತುಗಳು ಕಾಣಿಸಿಕೊಂಡವು. ತಾಯಿ, ಹೆಂಡತಿ, ಅಕ್ಕತಂಗಿಯರು ಹುಡುಕುವವರಾಗಿ ಇಲ್ಲಿ ತಮ್ಮ ಹೆಸರಿನಲ್ಲೇ ಮಾತನಾಡುವುದರಿಂದ, ಇತರ ದಾಖಲೆಗಳಲ್ಲಿ ಮರೆಯಾಗುವ ಸ್ತ್ರೀಯರ ಹೆಸರು, ಕೆಲವು ಸಲ ಅವರ ತವರಿನ ಹೆಸರೂ ಇಲ್ಲಿ ದೊರೆಯುತ್ತದೆ.

ಇತರ ಪತ್ರಿಕೆಗಳು

‘ಪೈಲಟ್’ ಒಂದೇ ಅಲ್ಲ. ನ್ಯೂಯಾರ್ಕಿನಲ್ಲಿ 1849ರಲ್ಲಿ ಆರಂಭವಾದ ‘ಐರಿಶ್ ಅಮೆರಿಕನ್’, 1870ರಲ್ಲಿ ಪ್ಯಾಟ್ರಿಕ್ ಫೋರ್ಡ್ ಸ್ಥಾಪಿಸಿದ ‘ಐರಿಶ್ ವರ್ಲ್ಡ್’, 1903ರಲ್ಲಿ ಜಾನ್ ಡಿವಾಯ್ ಆರಂಭಿಸಿದ ‘ಗೇಲಿಕ್ ಅಮೆರಿಕನ್’ ಇವು ಸಂಶೋಧಕರಿಗೆ ಮುಖ್ಯವಾದವು. ಇವುಗಳಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು ಮರಣವಾರ್ತೆ. ಅಮೆರಿಕದ ಮರಣ ಪ್ರಮಾಣಪತ್ರ ‘ಐರ್ಲೆಂಡ್’ ಎಂದಷ್ಟೇ ಹೇಳುವಲ್ಲಿ ಪತ್ರಿಕೆಯ ಮರಣವಾರ್ತೆಯು ಅನೇಕ ವೇಳೆ ಮೃತರ ಕೌಂಟಿಯನ್ನೂ ಪ್ಯಾರಿಷ್‌ನ್ನೂ ಹೇಳುತ್ತದೆ. ಅದರ ಕೊನೆಯಲ್ಲಿ ಐರ್ಲೆಂಡಿನ ಪತ್ರಿಕೆಗಳು ಇದನ್ನು ಮರುಮುದ್ರಿಸಬೇಕೆಂಬ ವಿನಂತಿಯಿದ್ದರೆ, ಊರಿನಲ್ಲಿ ಇನ್ನೂ ಬಂಧುಗಳಿದ್ದರೆಂಬುದಕ್ಕೆ ಅದು ಸೂಚನೆ.

ಎರಡನೆಯದು ವಂತಿಗೆದಾರರ ಪಟ್ಟಿ. 1879ರಲ್ಲಿ ಐರ್ಲೆಂಡಿನಲ್ಲಿ ಗೇಣಿದಾರರ ಹಕ್ಕಿಗಾಗಿ ಲ್ಯಾಂಡ್ ಲೀಗ್ ಸ್ಥಾಪನೆಯಾದಾಗ ಅಮೆರಿಕದ ಐರಿಶರು ಅದಕ್ಕೆ ಧಾರಾಳವಾಗಿ ಹಣ ಕಳಿಸಿದರು. ‘ಐರಿಶ್ ವರ್ಲ್ಡ್’ ಪತ್ರಿಕೆಯು ಬಂದ ವಂತಿಗೆಯನ್ನು ಊರು ಮತ್ತು ಹೆಸರುಗಳ ಸಹಿತ ಪ್ರಕಟಿಸಿ ರಸೀತಿ ಕೊಡುತ್ತಿತ್ತು. ಪೆನ್ಸಿಲ್ವೇನಿಯದ ಗಣಿ ಪಟ್ಟಣಗಳಂಥ ಸ್ಥಳಗಳಿಂದ ಅರ್ಧ ಡಾಲರು, ಒಂದು ಡಾಲರು ಕೊಟ್ಟ ಕೂಲಿಕಾರರ ಹೆಸರುಗಳು ಹೀಗೆ ಅಚ್ಚಾದವು. ಆಸ್ತಿ ಇಲ್ಲದುದರಿಂದ ಭೂದಾಖಲೆಯಲ್ಲಿ ಬಾರದ ವ್ಯಕ್ತಿಯು ನಿರ್ದಿಷ್ಟ ವರ್ಷದಲ್ಲಿ ನಿರ್ದಿಷ್ಟ ಊರಿನಲ್ಲಿದ್ದನೆಂಬುದಕ್ಕೆ ಆ ಒಂದು ಸಾಲು ಆಧಾರವಾಗಬಲ್ಲದು.

ಸಂಘಗಳು ಮತ್ತು ಅವುಗಳ ಕಡತಗಳು

ಐರಿಶ್ ಸಂಘಗಳ ಪರಂಪರೆ ದೀರ್ಘವಾದುದು. ಬಾಸ್ಟನ್ನಿನ ಚಾರಿಟಬಲ್ ಐರಿಶ್ ಸೊಸೈಟಿ 1737ರಲ್ಲಿಯೂ, ಫಿಲಡೆಲ್ಫಿಯಾದ ಫ್ರೆಂಡ್ಲಿ ಸನ್ಸ್ ಆಫ್ ಸೇಂಟ್ ಪ್ಯಾಟ್ರಿಕ್ 1771ರಲ್ಲಿಯೂ ಹುಟ್ಟಿದವು. ಇವು ಬಹುಮಟ್ಟಿಗೆ ಅನುಕೂಲಸ್ಥರ ಸಂಘಗಳು. 1836ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಏನ್ಷೆಂಟ್ ಆರ್ಡರ್ ಆಫ್ ಹೈಬರ್ನಿಯನ್ಸ್ ಶ್ರಮಜೀವಿಗಳನ್ನೂ ಒಳಗೊಂಡಿತು. ಸದಸ್ಯನಾಗುವವನು ಐರಿಶ್ ಮೂಲದ ಕ್ಯಾಥೊಲಿಕನಾಗಿರಬೇಕೆಂಬುದು ಅದರ ನಿಯಮ. ರೋಗಿಗಳಿಗೆ ನೆರವು, ಮರಣಾನಂತರ ಕುಟುಂಬಕ್ಕೆ ಪರಿಹಾರ ಕೊಡುತ್ತಿದ್ದುದರಿಂದ ಸದಸ್ಯರ ಹೆಸರು, ಸೇರಿದ ದಿನ, ಪಾವತಿ ಇವುಗಳ ಲೆಕ್ಕವನ್ನು ಶಾಖೆಗಳು ಇಡಬೇಕಾಗಿತ್ತು. ಆ ಲೆಕ್ಕದ ಪುಸ್ತಕಗಳೇ ಇಂದು ವಂಶಾನ್ವೇಷಕರಿಗೆ ಆಕರ.

ರಾಜಕೀಯ ಸಂಘಗಳ ಸ್ಥಿತಿ ಭಿನ್ನ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ 1858ರ ಸುಮಾರಿಗೆ ಜಾನ್ ಓ’ಮಹೋನಿ ಅಮೆರಿಕದಲ್ಲಿ ಕಟ್ಟಿದ ಫೀನಿಯನ್ ಬ್ರದರ್‌ಹುಡ್ ಬಹಿರಂಗವಾಗಿಯೇ ಹಣ ಸಂಗ್ರಹಿಸಿತು. ಮುಂದೆ ಹುಟ್ಟಲಿರುವ ಗಣರಾಜ್ಯವು ತೀರಿಸುವುದೆಂಬ ಭರವಸೆಯ ಸಾಲಪತ್ರಗಳನ್ನೂ ಮಾರಿತು. ಅದರ ಕಾಗದಪತ್ರಗಳು ವಾಷಿಂಗ್ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿವೆ. 1867ರಲ್ಲಿ ಆರಂಭವಾದ ಕ್ಲ್ಯಾನ್ ನ ಗೇಲ್ ಮಾತ್ರ ರಹಸ್ಯ ಸಂಘಟನೆ. ಅದರ ಶಾಖೆಗಳು ಸಾಹಿತ್ಯ ಸಂಘ, ವಾಚನಾಲಯಗಳಂಥ ನಿರಪಾಯ ಹೆಸರುಗಳಲ್ಲಿ ಕೆಲಸ ಮಾಡುತ್ತಿದ್ದವು. ಇದನ್ನು ಅರಿಯದ ಸಂಶೋಧಕನು ತನ್ನ ಅಜ್ಜನು ಸಾಹಿತ್ಯಾಸಕ್ತನಾಗಿದ್ದನೆಂದು ಭಾವಿಸಿ ಮುಂದಕ್ಕೆ ಹೋಗುವ ಸಂಭವವಿದೆ.

ಇದಕ್ಕೆ ಮೊಂಟಾನ ರಾಜ್ಯದ ತಾಮ್ರದ ಗಣಿ ಪಟ್ಟಣ ಬ್ಯೂಟ್ ಉತ್ತಮ ನಿದರ್ಶನ. ಅಲ್ಲಿಯ ರಾಬರ್ಟ್ ಎಮೆಟ್ ಸಾಹಿತ್ಯ ಸಂಘವು ವಾಸ್ತವದಲ್ಲಿ ಕ್ಲ್ಯಾನ್ ನ ಗೇಲ್‌ನ ಶಾಖೆ. ಅದರ ಮತ್ತು ಹೈಬರ್ನಿಯನ್ ಶಾಖೆಗಳ ನಡವಳಿ ಪುಸ್ತಕಗಳು ಉಳಿದುಬಂದಿವೆ. ಇತಿಹಾಸಕಾರ ಡೇವಿಡ್ ಎಮನ್ಸ್ ಅವುಗಳನ್ನು ಆಧರಿಸಿ 1989ರಲ್ಲಿ ಬ್ಯೂಟ್‌ನ ಐರಿಶರ ಕುರಿತ ಗ್ರಂಥವನ್ನು ಪ್ರಕಟಿಸಿದರು. ಕಾರ್ಕ್ ಕೌಂಟಿಯ ಬೇರಾ ಪರ್ಯಾಯದ್ವೀಪದ ಅಲಿಹೀಸ್ ತಾಮ್ರದ ಗಣಿಗಳು ಕ್ಷೀಣಿಸಿದಾಗ ಅಲ್ಲಿಯ ಗಣಿಗಾರರು ಬ್ಯೂಟ್‌ಗೆ ಬಂದರು. ಸಲಿವನ್, ಹ್ಯಾರಿಂಗ್ಟನ್ ಮೊದಲಾದ ಬೇರಾದ ಮನೆತನದ ಹೆಸರುಗಳು ಬ್ಯೂಟ್‌ನಲ್ಲಿ ದಟ್ಟವಾಗಿರುವುದಕ್ಕೆ ಇದೇ ಕಾರಣ. ಒಬ್ಬ ಗಣಿಗಾರನ ಊರು ತಿಳಿಯದಿದ್ದರೂ, ಅವನ ಮದುವೆಯ ಸಾಕ್ಷಿಗಳು, ಸಂಘದ ಸಹಸದಸ್ಯರು ಒಂದೇ ಪ್ಯಾರಿಷ್‌ನವರೆಂದು ತಿಳಿದರೆ ಶೋಧದ ದಿಕ್ಕು ನಿರ್ಧಾರವಾಗುತ್ತದೆ. ವಲಸಿಗರು ಒಬ್ಬೊಬ್ಬರಾಗಿ ಅಲ್ಲ, ಊರು ಊರಾಗಿ ಚಲಿಸಿದರೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗುತ್ತದೆ.

ಹೆಸರಿನ ಹೋಲಿಕೆಯ ಅಪಾಯ

ಈ ಆಕರಗಳಲ್ಲಿ ಹೆಸರು ಸಿಕ್ಕಿದೊಡನೆ ವಂಶ ಸಿಕ್ಕಿತೆಂದು ತಿಳಿಯುವುದು ದೊಡ್ಡ ತಪ್ಪು. ಆನಿ ಮೂರ್‌ಳ ಪ್ರಕರಣ ಇದಕ್ಕೆ ಪಾಠವಾಗಿದೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲಿಸ್ ದ್ವೀಪದ ವಲಸೆ ಕೇಂದ್ರ ಆರಂಭವಾದಾಗ ಮೊದಲು ನೋಂದಣಿಯಾದವಳು ಕಾರ್ಕ್ ಕೌಂಟಿಯಿಂದ ಇಬ್ಬರು ತಮ್ಮಂದಿರೊಡನೆ ಬಂದ ಈ ಹುಡುಗಿ. ಅವಳಿಗೆ ಹದಿನೈದು ವರ್ಷವೆಂದು ಅಂದಿನ ಪತ್ರಿಕೆಗಳು ಬರೆದವು, ವಾಸ್ತವದಲ್ಲಿ ಹದಿನೇಳಾಗಿತ್ತು. ಮುಂದೆ ಅವಳು ಪಶ್ಚಿಮಕ್ಕೆ ಹೋಗಿ ಟೆಕ್ಸಾಸಿನಲ್ಲಿ ನೆಲೆಸಿದಳೆಂಬ ಕಥೆ ದಶಕಗಳ ಕಾಲ ನಿಜವೆಂದು ನಂಬಲ್ಪಟ್ಟು, ಆ ಕುಟುಂಬದವರನ್ನು ಸಮಾರಂಭಗಳಿಗೂ ಆಹ್ವಾನಿಸಲಾಗಿತ್ತು. 2006ರಲ್ಲಿ ವಂಶಾವಳಿ ತಜ್ಞೆ ಮೇಗನ್ ಸ್ಮೊಲೆನ್ಯಾಕ್ ದಾಖಲೆಗಳನ್ನು ಪರಿಶೀಲಿಸಿ, ಟೆಕ್ಸಾಸಿನ ಮಹಿಳೆ ಇಲಿನಾಯ್‌ನಲ್ಲಿ ಹುಟ್ಟಿದವಳೆಂದು ತೋರಿಸಿದರು. ನಿಜವಾದ ಆನಿ ಮೂರ್ ನ್ಯೂಯಾರ್ಕ್ ನಗರವನ್ನು ಬಿಟ್ಟು ಹೋಗಲೇ ಇಲ್ಲ; ಲೋಯರ್ ಈಸ್ಟ್ ಸೈಡ್‌ನ ಬಡ ಬಡಾವಣೆಯಲ್ಲಿ ಬಾಳಿ, ಹಲವು ಮಕ್ಕಳನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು, 1924ರಲ್ಲಿ ತೀರಿಕೊಂಡಳು. ಗುರುತಿಲ್ಲದ ಅವಳ ಸಮಾಧಿಗೆ ಕಲ್ಲು ನಿಲ್ಲಿಸಿದ್ದು 2008ರಲ್ಲಿ. ಹೆಸರಿನ ಹೋಲಿಕೆಯೊಂದು ಒಂದು ಕುಟುಂಬಕ್ಕೆ ಇಲ್ಲದ ಪೂರ್ವಿಕಳನ್ನು ಕೊಟ್ಟಿತ್ತು, ಇನ್ನೊಂದು ಕುಟುಂಬದಿಂದ ಇದ್ದವಳನ್ನು ಕಸಿದಿತ್ತು.

ಕಾಗುಣಿತದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಓ’ಕೆಲ್ಲಿ ಎಂಬುವನು ಅಮೆರಿಕದಲ್ಲಿ ಕೆಲ್ಲಿಯಾಗಬಹುದು. ಐರಿಶ್ ಭಾಷೆಯ ಸ್ಥಳನಾಮಗಳನ್ನು ಜಾಹೀರಾತು ಬರೆದುಕೊಂಡವರು ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದರು. ಅಂಥ ರೂಪಗಳನ್ನು 1861ರಲ್ಲಿ ಪ್ರಕಟವಾದ ಟೌನ್‌ಲ್ಯಾಂಡ್ ಸೂಚಿಯೊಡನೆ ಹೋಲಿಸಿ ನೋಡಬೇಕು. ಹಳೆಯ ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದುವುದುಂಟಾದ್ದರಿಂದ ಗಣಕದ ಹುಡುಕಾಟದಲ್ಲಿ ಹೆಸರು ಸಿಗಲಿಲ್ಲವೆಂದರೆ ಪತ್ರಿಕೆಯಲ್ಲಿ ಅದು ಇಲ್ಲವೆಂದು ಅರ್ಥವಲ್ಲ. ಪುಟಗಳನ್ನು ಕಣ್ಣಾರೆ ತಿರುವಿಹಾಕುವುದೇ ಲೇಸು.

ಶೋಧದ ಕ್ರಮ

ಆದ್ದರಿಂದ ಕ್ರಮಬದ್ಧವಾದ ಹೆಜ್ಜೆಗಳು ಅವಶ್ಯ. ಮೊದಲು ಅಮೆರಿಕದ ಗಣತಿ, ಚರ್ಚಿನ ಪುಸ್ತಕಗಳಿಂದ ವ್ಯಕ್ತಿಯ ಒಡಹುಟ್ಟಿದವರು, ನೆರೆಹೊರೆಯವರು, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತವರ ಹೆಸರುಗಳನ್ನು ಸಂಗ್ರಹಿಸಬೇಕು. ಅನಂತರ ಅವರೆಲ್ಲರ ಹೆಸರುಗಳನ್ನೂ ಪತ್ರಿಕೆಯ ಜಾಹೀರಾತು, ಮರಣವಾರ್ತೆ, ಸಂಘದ ಪಟ್ಟಿಗಳಲ್ಲಿ ಹುಡುಕಬೇಕು. ಊರಿನ ಹೆಸರು ದೊರೆತ ಮೇಲೆ 1847 ಮತ್ತು 1864ರ ನಡುವೆ ಪ್ರಕಟವಾದ ಗ್ರಿಫಿತ್ ಭೂಮೌಲ್ಯಮಾಪನದಲ್ಲಿ ಆ ಮನೆತನ ಅಲ್ಲಿತ್ತೇ ಎಂದು ನೋಡಬೇಕು. ಅದು ಹಿಡುವಳಿದಾರರನ್ನು ಮಾತ್ರ ಹೆಸರಿಸುವುದರಿಂದ ಕೊನೆಯ ನಿರ್ಣಯವನ್ನು, 2015ರಿಂದ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಉಚಿತವಾಗಿ ಒದಗಿಸಿರುವ ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳಿಂದ ಮಾಡಬೇಕು. ತಂದೆ, ತಾಯಿ, ಒಡಹುಟ್ಟಿದವರ ಹೆಸರುಗಳು ಒಟ್ಟಾಗಿ ಹೊಂದಿದಾಗ ಮಾತ್ರ ಸಂಬಂಧವನ್ನು ಸಿದ್ಧವೆನ್ನಬಹುದು.

ಈ ಆಕರಗಳಿಗೂ ಮಿತಿಗಳಿವೆ. ಜಾಹೀರಾತಿಗೆ ಹಣ ಕೊಡಲಾರದವರು, ಸಂಘಕ್ಕೆ ಸೇರದವರು, ಹುಡುಕುವವರೇ ಇಲ್ಲದವರು ಇಲ್ಲಿ ಬರುವುದಿಲ್ಲ. ಹುಡುಕಿದವರಲ್ಲಿ ಎಷ್ಟು ಜನರಿಗೆ ತಮ್ಮವರು ದೊರೆತರೆಂಬುದನ್ನು ಪತ್ರಿಕೆ ಹೇಳುವುದಿಲ್ಲ. ಆದರೂ ಕಡತಮನೆ ಸುಟ್ಟುಹೋದ ದೇಶವೊಂದರ ಜನರ ಊರು, ಮನೆ, ಬಳಗಗಳ ನೆನಪನ್ನು ಸಾಗರದಾಚೆಯ ವಾರಪತ್ರಿಕೆಯ ಅಂಕಣಗಳೂ ಕೂಲಿಕಾರರ ಸಂಘದ ಲೆಕ್ಕದ ಪುಸ್ತಕಗಳೂ ಕಾಪಾಡಿದವೆಂಬುದು ಇತಿಹಾಸದ ಅಧ್ಯಯನಕ್ಕೆ ಮಹತ್ವದ ಸಂಗತಿ. ತಮ್ಮನೊಬ್ಬನ ಸುದ್ದಿಗಾಗಿ ಅಕ್ಕ ಅಚ್ಚುಹಾಕಿಸಿದ ನಾಲ್ಕು ಸಾಲು ಆ ತಮ್ಮನನ್ನು ತಲುಪಿತೋ ಇಲ್ಲವೋ, ಅವನ ಮರಿಮಕ್ಕಳನ್ನು ಅದು ಇಂದು ತಲುಪುತ್ತಿದೆ.