ಸೇವೆಗೂ ಶಿಕ್ಷಣವುಂಟು: ಸಮಾಜಕಾರ್ಯದ ಸ್ನಾತಕೋತ್ತರ ವ್ಯಾಸಂಗ

ಪದವಿ ಪರೀಕ್ಷೆಯನ್ನು ಮುಗಿಸಿದ ಮಗನೋ ಮಗಳೋ ಮುಂದೆ ಎಂ.ಎಸ್.ಡಬ್ಲ್ಯು. ಓದುವ ಇಚ್ಛೆಯನ್ನು ಮನೆಯಲ್ಲಿ ತಿಳಿಸಿದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ ಒಂದೇ: "ಸಮಾಜಸೇವೆ ಮಾಡಲಿಕ್ಕೂ ಎರಡು ವರ್ಷ ಓದಬೇಕೇನಪ್ಪ?" ಈ ಪ್ರಶ್ನೆಯನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವುದು ಸಲ್ಲದು. ಸುಗ್ಗಿಯಾದೊಡನೆ ಮಠದ ಉಗ್ರಾಣಕ್ಕೆ ಜೋಳದ ಚೀಲವನ್ನು ಇಳಿಸಿ ಹೋಗುವ ರೈತನು ಸೇವೆಯ ಪಾಠವನ್ನು ಯಾವ ಶಾಲೆಯಲ್ಲಿ ಕಲಿತನು? ಪ್ರಸಾದ ನಿಲಯದ ಒಲೆಯ ಮುಂದೆ ನಸುಕಿನಿಂದಲೇ ನಿಲ್ಲುವ ತಾಯಂದಿರ ಬಳಿ ಯಾವ ಪ್ರಮಾಣಪತ್ರವಿದೆ? ದಾಸೋಹದ ಪರಂಪರೆಯುಳ್ಳ ನಾಡಿನಲ್ಲಿ ಸೇವೆಯೆಂಬುದು ಹುಟ್ಟುಗುಣವೆಂದೇ ಜನರ ನಂಬಿಕೆ. ಹೀಗಿರಲು, ಸೇವೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವುದೆಂದರೇನು, ಕಲಿತವನು ಕಲಿಯದವನಿಗಿಂತ ಹೆಚ್ಚಾಗಿ ಮಾಡುವುದೇನು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಮೊದಲು ಪದಗಳ ವಿವೇಚನೆ ಅವಶ್ಯ. 'ಸಮಾಜಸೇವೆ' ಬೇರೆ, 'ಸಮಾಜಕಾರ್ಯ' ಬೇರೆ. ಹಸಿದವನಿಗೆ ಅನ್ನವಿಕ್ಕುವುದು ಸೇವೆ. ಅನ್ನವಿಕ್ಕಿದ ಮೇಲೆ, ಇವನು ಹಸಿದು ಬಂದುದೇಕೆ, ನಾಳೆ ಹಸಿಯದಂತೆ ಮಾಡುವ ಬಗೆ ಹೇಗೆ, ಆ ದಾರಿಯಲ್ಲಿ ಅವನು ತನ್ನ ಕಾಲಮೇಲೆ ತಾನೇ ನಿಲ್ಲುವಂತೆ ಒದಗಬೇಕಾದ ನೆರವು ಯಾವುದು ಎಂದು ಶಾಸ್ತ್ರೀಯವಾಗಿ ಶೋಧಿಸಿ ನಡೆಯುವುದು ಸಮಾಜಕಾರ್ಯ. ಮೊದಲನೆಯದಕ್ಕೆ ಕರುಣೆ ಸಾಕು. ಎರಡನೆಯದಕ್ಕೆ ಕರುಣೆಯ ಜೊತೆಗೆ ಕಲಿಕೆಯೂ ಬೇಕು.

ಈ ಅರಿವು ಅನುಭವದಿಂದಲೇ ಮೂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲಿ ಉದಾರಿಗಳಾದ ಸ್ತ್ರೀಪುರುಷರು ಬಡವರ ಮನೆಗಳಿಗೆ ಹೋಗಿ ನೆರವು ನೀಡುತ್ತಿದ್ದರು. ನೆರವು ಸಂದರೂ ಅನೇಕ ಕುಟುಂಬಗಳ ಸ್ಥಿತಿ ಇದ್ದಂತೆಯೇ ಉಳಿಯಿತು. ಜೇನ್ ಆಡಮ್ಸ್ ಅವರು 1889ರಲ್ಲಿ ಶಿಕಾಗೋ ನಗರದ ಬಡವರ ಕೇರಿಯಲ್ಲಿಯೇ 'ಹಲ್ ಹೌಸ್' ಎಂಬ ನೆಲೆಯನ್ನು ಸ್ಥಾಪಿಸಿ, ಅವರ ನಡುವೆ ವಾಸಿಸಿ ಅವರ ಬಾಳನ್ನು ಅರಿಯತೊಡಗಿದರು. 1898ರಲ್ಲಿ ನ್ಯೂಯಾರ್ಕಿನ ಧರ್ಮಕಾರ್ಯ ಸಂಘಟನೆಯೊಂದು ಕಾರ್ಯಕರ್ತರಿಗಾಗಿ ಬೇಸಿಗೆಯ ತರಬೇತಿಯನ್ನು ಆರಂಭಿಸಿತು. ಮೇರಿ ರಿಚ್ಮಂಡ್ ಅವರು 1917ರಲ್ಲಿ ಪ್ರಕಟಿಸಿದ 'ಸೋಷಿಯಲ್ ಡಯಾಗ್ನೋಸಿಸ್' ಎಂಬ ಗ್ರಂಥವು, ವೈದ್ಯನು ರೋಗವನ್ನು ಅರಿಯುವಂತೆ ಕಾರ್ಯಕರ್ತನು ಕಷ್ಟದ ಮೂಲವನ್ನು ಅರಿಯುವ ಕ್ರಮವನ್ನು ನಿರೂಪಿಸಿತು.

ಭಾರತದಲ್ಲಿ ಈ ಶಿಕ್ಷಣದ ಆರಂಭವು 1936ರಲ್ಲಿ ಮುಂಬಯಿಯಲ್ಲಿ ಆಯಿತು. ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸ್ನಾತಕೋತ್ತರ ಸಮಾಜಕಾರ್ಯ ಶಾಲೆಗೆ ಕ್ಲಿಫರ್ಡ್ ಮ್ಯಾನ್ಸ್‌ಹಾರ್ಟ್ ಅವರು ಪ್ರಥಮ ನಿರ್ದೇಶಕರಾದರು. ಅದೇ ಶಾಲೆಯು 1944ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಕನ್ನಡ ನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯವು 1960ರಲ್ಲಿ ಪ್ರಾರಂಭವಾಯಿತು; ಅದೇ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಈ ವ್ಯಾಸಂಗಕ್ಕೆ ಎಡೆ ದೊರೆಯಿತು. ಇಂದು ರಾಜ್ಯದ ಅನೇಕ ವಿಶ್ವವಿದ್ಯಾಲಯಗಳಲ್ಲಿಯೂ ಕಾಲೇಜುಗಳಲ್ಲಿಯೂ ಈ ಪದವಿಗೆ ಅವಕಾಶವಿದೆ.

ಇದು ಸಾಮಾನ್ಯವಾಗಿ ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರುಗಳ ವ್ಯಾಸಂಗ. ಕಲೆ, ವಿಜ್ಞಾನ, ವಾಣಿಜ್ಯ ಮೊದಲಾದ ಬೇರೆ ಬೇರೆ ಶಾಖೆಗಳ ಪದವೀಧರರಿಗೂ ಬಹುತೇಕ ಕಡೆಗಳಲ್ಲಿ ಪ್ರವೇಶವುಂಟು. ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರಗಳ ತಳಹದಿಯ ಮೇಲೆ ಆರು ವಿಧಾನಗಳನ್ನು ಕಲಿಸಲಾಗುತ್ತದೆ: ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ, ಸಮಾಜಕಾರ್ಯ ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ. ಆದರೆ ಈ ಪದವಿಯ ಜೀವಾಳವಿರುವುದು ಕ್ಷೇತ್ರಕಾರ್ಯದಲ್ಲಿ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ವಿದ್ಯಾರ್ಥಿಯು ಆಸ್ಪತ್ರೆ, ಶಾಲೆ, ಕೊಳಚೆ ಪ್ರದೇಶ, ಹಳ್ಳಿ ಅಥವಾ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಕಂಡುದನ್ನೂ ಮಾಡಿದುದನ್ನೂ ವರದಿಯಾಗಿ ಬರೆದು, ಮಾರ್ಗದರ್ಶಕರ ಮುಂದೆ ಕುಳಿತು ತನ್ನ ತಪ್ಪುಗಳನ್ನು ಪರಾಮರ್ಶಿಸಿಕೊಳ್ಳಬೇಕು. ಗ್ರಾಮೀಣ ಶಿಬಿರ, ಕಿರುಪ್ರಬಂಧ, ಕೊನೆಯಲ್ಲಿ ಸುಮಾರು ಒಂದು ತಿಂಗಳ ಅಖಂಡ ತರಬೇತಿ, ಇವೂ ಇದರ ಅಂಗಗಳೇ.

ಕ್ಷೇತ್ರಕಾರ್ಯದ ಬೆಲೆಯನ್ನು ಶಾಲೆಗಳಿಗೆ ಪರಿಚಿತವಾದ ಒಂದು ನಿದರ್ಶನದಿಂದ ತಿಳಿಯಬಹುದು. ಎಂಟನೆಯ ತರಗತಿಯ ಬಾಲಕನೊಬ್ಬನು ಪ್ರತಿವರ್ಷ ದೀಪಾವಳಿಯ ನಂತರ ಶಾಲೆಗೆ ಬರುವುದನ್ನು ನಿಲ್ಲಿಸಿ, ಯುಗಾದಿಯ ಹೊತ್ತಿಗೆ ಮರಳುತ್ತಾನೆಂದು ಭಾವಿಸೋಣ. ಅವನು ಸೋಮಾರಿಯೆಂದು ಶಿಕ್ಷಕರು ಗದರಿಸುತ್ತಾರೆ. ಬಡವನೆಂದು ಮರುಗಿ ದಾನಿಗಳು ಬಟ್ಟೆ, ಪುಸ್ತಕಗಳನ್ನು ಕೊಡಿಸುತ್ತಾರೆ. ಬಾಲಕನು ಎರಡನ್ನೂ ತಲೆಬಾಗಿ ಸ್ವೀಕರಿಸಿ ಮರುವರ್ಷವೂ ಕಾಣೆಯಾಗುತ್ತಾನೆ. ಗದರಿಕೆಯಲ್ಲಿ ದ್ವೇಷವಿರಲಿಲ್ಲ, ದಾನದಲ್ಲಿ ಡಂಭವಿರಲಿಲ್ಲ. ಆದರೂ ಎರಡೂ ನಿಷ್ಫಲವಾದವು.

ತರಬೇತಿಯ ವಿದ್ಯಾರ್ಥಿಯು ಮೊದಲು ಆ ಮನೆಗೆ ಹೋಗುತ್ತಾನೆ. ತಂದೆತಾಯಿಗಳು ಗುತ್ತಿಗೆದಾರನಿಂದ ಮುಂಗಡ ಹಣ ಪಡೆದು ಕಬ್ಬು ಕಡಿಯಲು ದೂರದೂರಿಗೆ ಹೋಗಿರುತ್ತಾರೆ. ಮನೆಯಲ್ಲಿ ಕಣ್ಣಿಗೆ ಪೊರೆ ಬಂದ ಅಜ್ಜಿ, ಪುಟ್ಟ ತಂಗಿ, ಎರಡು ಮೇಕೆ. ಇವರೆಲ್ಲರ ಭಾರ ಬಾಲಕನ ಮೇಲೆ. ಸೋಮಾರಿಯೆನಿಸಿಕೊಂಡವನು ಶಾಲೆಯಲ್ಲಿ ಯಾರೂ ಹೊರದಷ್ಟು ಹೊಣೆಯನ್ನು ಹೊತ್ತವನು! ಅಜ್ಜಿಯ ಪೊರೆಯ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ನೆರವನ್ನು ದೊರಕಿಸುವುದು, ತಂಗಿಯನ್ನು ಅಂಗನವಾಡಿಗೆ ಸೇರಿಸುವುದು, ವಲಸೆಯ ತಿಂಗಳುಗಳಲ್ಲಿ ಬಾಲಕನಿಗೆ ಋತುಮಾನದ ವಸತಿ ನಿಲಯದಲ್ಲಿಯೋ ಪ್ರಸಾದ ನಿಲಯದಲ್ಲಿಯೋ ಎಡೆ ಕಲ್ಪಿಸುವುದು, ಇವು ಆಗಬೇಕಾದ ಕೆಲಸಗಳು. ತಂದೆತಾಯಿಗಳು ಹೊರಡುವ ಮುನ್ನವೇ ಅವರೊಡನೆ ಕುಳಿತು, ಅವರ ಒಪ್ಪಿಗೆಯಿಂದಲೇ ಇವನ್ನು ನಿಶ್ಚಯಿಸಬೇಕು. ಅದೇ ಓಣಿಯಲ್ಲಿ ಅಂಥವೇ ಹಲವು ಮನೆಗಳಿವೆಯೆಂದು ತಿಳಿದಾಗ, ಒಬ್ಬನ ಪ್ರಶ್ನೆಯು ಊರಿನ ಪ್ರಶ್ನೆಯಾಗಿ, ವ್ಯಕ್ತಿಗತ ಕಾರ್ಯವು ಸಮುದಾಯ ಸಂಘಟನೆಯಾಗಿ ಬೆಳೆಯುತ್ತದೆ.

ರೋಗದ ಮೂಲಕಾರಣವನ್ನು ಅರಿಯುವುದಕ್ಕೆ ಆಯುರ್ವೇದದಲ್ಲಿ 'ನಿದಾನ' ಎಂಬ ಮಾತಿದೆ. ಅವಸರವಿಲ್ಲದಿರುವುದಕ್ಕೆ ಕನ್ನಡದಲ್ಲಿ 'ನಿಧಾನ' ಎನ್ನುವರು. ಎರಡು ಪದಗಳ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ನಿಧಾನವಿಲ್ಲದೆ ನಿದಾನ ಸಿದ್ಧಿಸದು ಎಂಬುದನ್ನು ಈ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ ಕಲಿಯುತ್ತಾನೆ.

ಇದಕ್ಕಿಂತಲೂ ಕಠಿಣವಾದ ಪಾಠವೊಂದಿದೆ. ಅದು ತನ್ನನ್ನು ತಾನು ತಿದ್ದಿಕೊಳ್ಳುವುದು. ಫೆಲಿಕ್ಸ್ ಬೀಸ್ಟೆಕ್ ಅವರು 1957ರಲ್ಲಿ ವ್ಯಕ್ತಿಗತ ಸಮಾಜಕಾರ್ಯಕ್ಕೆ ಏಳು ತತ್ತ್ವಗಳನ್ನು ನಿರೂಪಿಸಿದರು. ಕಷ್ಟದಲ್ಲಿರುವವನ ಮೇಲೆ ತೀರ್ಪು ಕೊಡಬಾರದು, ಅವನ ಗುಟ್ಟನ್ನು ಕಾಯಬೇಕು, ತನ್ನ ಬಾಳಿನ ನಿರ್ಧಾರವನ್ನು ಅವನೇ ಕೈಗೊಳ್ಳುವ ಹಕ್ಕನ್ನು ಮನ್ನಿಸಬೇಕು ಎಂಬಿವು ಅವುಗಳಲ್ಲಿ ಸೇರಿವೆ. ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ ಎಂಬ ಭಾವವು ಇಲ್ಲಿ ಅಳಿಯಬೇಕು. 'ದಾಸೋಹ' ಎಂಬ ಪದದ ಒಡಲಲ್ಲಿಯೇ 'ನಾನು ದಾಸ' ಎಂಬ ಅರ್ಥವಿದೆ. ನೀಡುವವನೇ ಬಾಗಬೇಕೆಂಬುದು ಅದರ ತಾತ್ಪರ್ಯ. ಬೇರೆ ದೇಶದಲ್ಲಿ, ಬೇರೆ ದಾರಿಯಿಂದ ಬಂದ ಈ ಶಾಸ್ತ್ರವು ಶರಣರ ನಾಡಿಗೆ ತೀರ ಪರಕೀಯವೇನಲ್ಲ.

ಇನ್ನು ಜೀವನೋಪಾಯದ ಮಾತು. 1948ರ ಕಾರ್ಖಾನೆಗಳ ಅಧಿನಿಯಮವು ಐನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಯಿರಬೇಕೆಂದು ವಿಧಿಸಿದ ಕಾಲದಿಂದಲೂ ಉದ್ಯಮಗಳು ಈ ಪದವೀಧರರಿಗೆ ದಾರಿ ತೆರೆದಿವೆ. ಆಸ್ಪತ್ರೆಗಳು, ಮಕ್ಕಳ ರಕ್ಷಣಾ ಘಟಕಗಳು, ಸ್ವಯಂಸೇವಾ ಸಂಸ್ಥೆಗಳು ಇವರನ್ನು ಬಯಸುತ್ತವೆ. ಮನೋರೋಗ ಚಿಕಿತ್ಸೆಯ ಕ್ಷೇತ್ರಕ್ಕೆ ಹೋಗಬಯಸುವವರು, 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮನೋವೈದ್ಯಕೀಯ ಸಮಾಜಕಾರ್ಯಕರ್ತನಿಗೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಎಂ.ಫಿಲ್. ಅರ್ಹತೆಯನ್ನು ಹೇಳಿರುವುದನ್ನು ಗಮನಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಈ ತರಬೇತಿಗೆ ಹೆಸರಾದ ಸಂಸ್ಥೆ.

ಕಷ್ಟಗಳನ್ನು ಮುಚ್ಚಿಡುವುದು ಉಚಿತವಲ್ಲ. ವಕೀಲರಿಗಿರುವಂತೆ ಸಮಾಜಕಾರ್ಯದ ಇಡೀ ವೃತ್ತಿಗೆ ಶಾಸನಬದ್ಧವಾದ ಪ್ರತ್ಯೇಕ ಪರಿಷತ್ತು ಭಾರತದಲ್ಲಿಲ್ಲ. ಆದುದರಿಂದ ಕಲಿಯದವನೂ ಸಮಾಜಕಾರ್ಯಕರ್ತನೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಅನೇಕ ಹುದ್ದೆಗಳು ಗುತ್ತಿಗೆಯ ಆಧಾರದವು. ಆರಂಭದ ವೇತನವು ಪರಿಶ್ರಮಕ್ಕೆ ಸರಿದೂಗದಿರುವುದೂ ಉಂಟು. ಪ್ರವೇಶ ಬಯಸುವವರು ಕಟ್ಟಡದ ಅಂದವನ್ನು ನೋಡದೆ ಎರಡು ವಿಷಯಗಳನ್ನು ವಿಚಾರಿಸಬೇಕು: ಕ್ಷೇತ್ರಕಾರ್ಯವು ನಿಜವಾಗಿ ನಡೆಯುತ್ತದೆಯೇ? ವರದಿಯನ್ನು ಓದಿ ತಿದ್ದುವ ಗುರುಗಳಿದ್ದಾರೆಯೇ? ಇವೆರಡಿಲ್ಲದ ಪದವಿಯು ಬರಿಯ ಕಾಗದ.

ಪ್ರಸಾದ ನಿಲಯದ ಅನ್ನವುಂಡು ಬೆಳೆದ ಮಕ್ಕಳಿಗೆ ಹಸಿವು ಪುಸ್ತಕದ ವಿಷಯವಲ್ಲ. ಇಂತಹವರು ಈ ವ್ಯಾಸಂಗಕ್ಕೆ ಹೋದರೆ ಅನುಭವಕ್ಕೆ ಶಾಸ್ತ್ರದ ಕಣ್ಣು ಬರುತ್ತದೆ. ಅಂಥವರನ್ನು ಗುರುತಿಸಿ ಹುರಿದುಂಬಿಸುವುದು ಶಿಕ್ಷಕರ ಕೆಲಸ. ಅವರಿಗೆ ದಾರಿ ಹೇಳಿ, ತಾವಿರುವ ಊರಿನಲ್ಲಿ ಆಸರೆಯಾಗುವುದು ಹಳೆಯ ವಿದ್ಯಾರ್ಥಿಗಳ ಕೆಲಸ. ಎರಡು ವರ್ಷಗಳ ವೆಚ್ಚವನ್ನು ವಹಿಸಿಕೊಳ್ಳುವುದು, ಓದಿ ಬಂದವರಿಗೆ ವಿದ್ಯಾಸಂಸ್ಥೆಗಳಲ್ಲಿಯೇ ಒಂದು ಹುದ್ದೆಯನ್ನು ಕಲ್ಪಿಸುವುದು ದಾನಿಗಳಿಂದ ಆಗಬಹುದಾದ ಕೆಲಸ. ಶಾಲೆಗೊಂದು ಕೊಠಡಿಯನ್ನು ಕಟ್ಟಿಸಿದ ಪುಣ್ಯವು ದೊಡ್ಡದು. ಆ ಕೊಠಡಿಯಲ್ಲಿ ಖಾಲಿಯಾಗಿ ಉಳಿದ ಸ್ಥಳ ಯಾವ ಮಗುವಿನದು, ಅದು ಬಾರದಿರುವುದೇಕೆ ಎಂದು ಮನೆಯ ಬಾಗಿಲಿಗೆ ಹೋಗಿ ಕೇಳಬಲ್ಲವನನ್ನು ಸಿದ್ಧಗೊಳಿಸಿದ ಪುಣ್ಯವು ಅದಕ್ಕಿಂತ ಕಡಿಮೆಯದಲ್ಲ. "ಸೇವೆಗೂ ಓದಬೇಕೇ?" ಎಂಬ ಹಿರಿಯರ ಪ್ರಶ್ನೆಗೆ ಆ ಮಗು ಶಾಲೆಗೆ ಮರಳಿದ ದಿನವೇ ತಕ್ಕ ಉತ್ತರ.