ಅರಿವಳಿಕೆಯೂ ರಕ್ತದ ಒತ್ತಡವೂ

ಸಿಂಧನೂರಿನ ಬಯಲಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯುವವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು: ಮೇಲಿನ ತೂಬುಗಳನ್ನೆಲ್ಲ ಒಮ್ಮೆಗೇ ತೆರೆದರೆ ಕಾಲುವೆಯ ಮಟ್ಟ ಇಳಿದು, ಕಡೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಅರಿವಳಿಕೆ ಪಡೆದ ರೋಗಿಯ ದೇಹದಲ್ಲಿಯೂ ಇಂಥದೇ ಘಟನೆ ನಡೆಯುತ್ತದೆ.

ಎಚ್ಚರವಿರುವಾಗ ನರಮಂಡಲವು ಸಣ್ಣ ಧಮನಿಗಳನ್ನು ಸದಾ ತುಸು ಬಿಗಿಹಿಡಿದಿರುತ್ತದೆ. ರಕ್ತದ ಒತ್ತಡವು ಈ ಬಿಗಿಯನ್ನೂ, ಹೃದಯವು ನಿಮಿಷಕ್ಕೆ ತಳ್ಳುವ ಸುಮಾರು 5 ಲೀಟರು ರಕ್ತವನ್ನೂ ಅವಲಂಬಿಸಿದೆ. ಪ್ರೊಪೊಫಾಲ್ ಎಂಬ ಔಷಧಿ ರಕ್ತಕ್ಕೆ ಸೇರಿದೊಡನೆ ಬಿಗಿ ಸಡಿಲುತ್ತದೆ. ಹಿಗ್ಗಿದ ಅಭಿಧಮನಿಗಳಲ್ಲಿ ರಕ್ತ ತಂಗಿ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಒತ್ತಡ ಇಳಿದಾಗ ಹೃದಯವನ್ನು ಚುರುಕುಗೊಳಿಸಬೇಕಾದ ಪ್ರತಿವರ್ತನೆಯೂ ಆಗ ಮಂದವಾಗಿರುತ್ತದೆ. ಕೆಟಮೀನ್ ಇದಕ್ಕೆ ಅಪವಾದ. ಅದು ಸಾಮಾನ್ಯವಾಗಿ ಒತ್ತಡವನ್ನು ಏರಿಸುತ್ತದೆ.

ಅರಿವಳಿಕೆಯಲ್ಲಿ ಕಾಯಬೇಕಾದದ್ದು ಉಸಿರನ್ನೋ ನಾಡಿಯನ್ನೋ? ಈ ಪ್ರಶ್ನೆಯ ಪ್ರಸಿದ್ಧ ವಿವಾದ ನಮ್ಮ ನೆರೆಯಲ್ಲಿಯೇ ನಡೆಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದವು. ರಾಜಧಾನಿ ಹೈದರಾಬಾದಿನಲ್ಲಿದ್ದ ಡಾಕ್ಟರ್ ಎಡ್ವರ್ಡ್ ಲಾರಿಯವರು, ಕ್ಲೋರೋಫಾರಂ ಮೊದಲು ನಿಲ್ಲಿಸುವುದು ಉಸಿರನ್ನು, ನಾಡಿ ಹಿಡಿದು ಕೂಡುವುದು ವ್ಯರ್ಥ ಎಂದು ಸಾಧಿಸುತ್ತಿದ್ದರು. 1888ರಲ್ಲಿ ನಾಯಿಗಳ ಮೇಲೆ ಪ್ರಯೋಗಗಳಾದವು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ನಿಜಾಮರು 1000 ಪೌಂಡು ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ವಿಜ್ಞಾನಿ ಇಂಗ್ಲೆಂಡಿನಿಂದ ಬಂದು, ನೂರಾರು ಪ್ರಾಣಿಗಳ ಪರೀಕ್ಷೆಯಾದ ಮೇಲೆ ಲಾರಿಯವರ ಪಕ್ಷವನ್ನೇ ಸೇರಿದರು.

ಇಷ್ಟು ಶ್ರಮಪಟ್ಟೂ ಅವರು ಒಂದನ್ನು ಕಾಣಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದಂತೆ, ಕ್ಲೋರೋಫಾರಂ ಹಗುರವಾಗಿರುವಾಗ ಅಡ್ರಿನಲಿನ್ ಸೇರಿದರೆ ಹೃದಯವು ಲಯತಪ್ಪಿ, ಬರಿದೆ ಅದುರಿ ಥಟ್ಟನೆ ನಿಲ್ಲಬಹುದು. ಹೈದರಾಬಾದಿನಲ್ಲಿ ಪರೀಕ್ಷಿಸಿದ್ದು ಮುಖ್ಯವಾಗಿ ಅತಿಯಾದ ಪ್ರಮಾಣದ ಪರಿಣಾಮವನ್ನು. ಕ್ಲೋರೋಫಾರಂ ಈಗ ಬಳಕೆಯಲ್ಲಿಲ್ಲ. ಇಂದು ಉಸಿರು, ಹೃದಯದ ಲಯ ಎರಡನ್ನೂ ಎಡೆಬಿಡದೆ ಕಾಯುತ್ತಾರೆ. ಒತ್ತಡವನ್ನು ಕನಿಷ್ಠ 5 ನಿಮಿಷಕ್ಕೊಮ್ಮೆ ಅಳೆಯುತ್ತಾರೆ. ಇಳಿದರೆ ಔಷಧಿಯ ಪ್ರಮಾಣವನ್ನು ತಗ್ಗಿಸುವುದುಂಟು, ದ್ರವ ಹರಿಸುವುದುಂಟು, ಫಿನೈಲೆಫ್ರಿನ್ನಿನಿಂದ ನಾಳಗಳನ್ನು ಮತ್ತೆ ಬಿಗಿಸುವುದುಂಟು.

ಹೆಚ್ಚಿನ ಅಪಾಯ ರಕ್ತ ಕಳೆದುಕೊಂಡು ಬಂದವರಿಗೆ. ಟ್ರಾಕ್ಟರಿನಡಿ ಸಿಕ್ಕ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ಮಾತನಾಡುತ್ತಾನೆ, ಒತ್ತಡವೂ ಬಹುಮಟ್ಟಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದು ನಿಂತಿರುವುದು ನಾಳಗಳ ಬಿಗಿಯಿಂದ ಮಾತ್ರ. ಅರಿವಳಿಕೆ ಆ ಬಿಗಿಯನ್ನೇ ಕಳಚುತ್ತದೆ. ಆದಕಾರಣ, ಸಮಯವಿದ್ದರೆ ವೈದ್ಯರು ಮೊದಲು ರಕ್ತ ಕೊಡುತ್ತಾರೆ. ಇಲ್ಲದಿದ್ದರೆ ರಕ್ತ ಕೊಡುತ್ತಲೇ, ಔಷಧಿಯನ್ನು ತೀರ ಮಿತವಾಗಿ ಬಳಸಿ ಶಸ್ತ್ರಚಿಕಿತ್ಸೆಗೆ ತೊಡಗುತ್ತಾರೆ.