ಹಳೆಯ ಫೈಬರ್‌ಗ್ಲಾಸ್ ದೋಣಿಯ ಜೀರ್ಣೋದ್ಧಾರ: ಬೀದರದ ಕಾರ್ಯಾಗಾರಗಳಿಗೆ ಎಟಕುವ ಕೆಲಸ

ಬೀದರ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ನೀರಿಗೆ ಕೊರತೆಯೇನೂ ಇಲ್ಲ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಲಾದ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. ಕಾರಂಜಾ ಸೇರುವ ಮಾಂಜ್ರಾ ನದಿಯು ಭಾಲ್ಕಿ, ಔರಾದ್ ತಾಲ್ಲೂಕುಗಳ ಕಪ್ಪು ಮಣ್ಣಿನ ಬಯಲಿನಲ್ಲಿ ಹರಿಯುತ್ತದೆ. 2025ರ ಮಳೆಗಾಲದಲ್ಲಿ ಈ ಭಾಗದ ಹೊಲಗಳಿಗೆ ನೀರು ನುಗ್ಗಿದಾಗ ದೋಣಿಯ ಅಗತ್ಯವೆಷ್ಟೆಂಬುದು ಮತ್ತೊಮ್ಮೆ ಮನವರಿಕೆಯಾಯಿತು. ಮೀನುಗಾರಿಕೆ, ವಿಹಾರ, ನೆರೆ ರಕ್ಷಣೆ ಇವುಗಳಲ್ಲಿ ಯಾವುದಕ್ಕೇ ಆಗಲಿ, ಹರಿಗೋಲಿಗಿಂತ ದೊಡ್ಡದು ಬೇಕಾದಾಗ ಇಂದು ಸಾಮಾನ್ಯವಾಗಿ ಆಯ್ಕೆಯಾಗುವುದು ಎಫ್‌ಆರ್‌ಪಿ ಎಂದು ಕರೆಯಲಾಗುವ ಫೈಬರ್‌ಗ್ಲಾಸ್ ದೋಣಿ. ಇಂತಹ ದೋಣಿ ಹಳತಾದಾಗ ಅದನ್ನು ದಡದ ಮೇಲೆ ಬೋರಲು ಹಾಕಿ ಮರೆಯುವುದೇ ರೂಢಿ. ದುರಸ್ತಿಗೆಂದು ಮಲ್ಪೆ ಅಥವಾ ಮಂಗಳೂರಿಗೆ ಸಾಗಿಸಿದರೆ ಏಳುನೂರು ಕಿಲೋಮೀಟರಿಗೂ ಹೆಚ್ಚಿನ ಲಾರಿ ಬಾಡಿಗೆಯೇ ಲಾಭವನ್ನು ನುಂಗಿಬಿಡುತ್ತದೆ. ಆದರೆ ಎಫ್‌ಆರ್‌ಪಿ ಹಾಳೆ, ತೊಟ್ಟಿ, ಬಾಗಿಲುಗಳ ಕೆಲಸ ಬಲ್ಲ ಸ್ಥಳೀಯ ಕಾರ್ಯಾಗಾರಕ್ಕೆ ಇದು ಎಟಕದ ಕೆಲಸವಲ್ಲ. ಅಚ್ಚಿನ ವಿದ್ಯೆ ಬಿದರಿ ಕಸುಬಿನ ಊರಿಗೆ ಹೊಸತೂ ಅಲ್ಲ. ಬೇಕಾದುದು ದೋಣಿ ಹಾಳಾಗುವ ಬಗೆಯ ತಿಳಿವಳಿಕೆ ಮತ್ತು ಬೀದರದ ಹವೆಗೆ ಹೊಂದುವ ಕ್ರಮ.

ದೋಣಿಯ ಒಡಲಿನ ರಚನೆ

1930ರ ದಶಕದಲ್ಲಿ ಅಮೆರಿಕದಲ್ಲಿ ಗಾಜನ್ನು ನೂಲಾಗಿಸುವ ಉದ್ಯಮವೂ ಪಾಲಿಯೆಸ್ಟರ್ ರೆಸಿನ್ನೂ ಬೆಳೆದವು. 1942ರಲ್ಲಿ ಓಹಾಯೋ ರಾಜ್ಯದ ರೇ ಗ್ರೀನ್ ಇವೆರಡನ್ನೂ ಕೂಡಿಸಿ ದೋಣಿ ಕಟ್ಟಿದರು. ಮೂಲ ವಿಧಾನ ಇಂದಿಗೂ ಬದಲಾಗಿಲ್ಲ. ಅಚ್ಚಿನೊಳಗೆ ಮೊದಲು ಬಣ್ಣದ ಜೆಲ್‌ಕೋಟ್ ಬಳಿಯಲಾಗುತ್ತದೆ. ಅದರ ಮೇಲೆ ಗಾಜಿನ ಮ್ಯಾಟ್ ಹಾಗೂ ನೇಯ್ದ ರೋವಿಂಗ್ ಪದರಗಳನ್ನು ರೆಸಿನ್‌ನಲ್ಲಿ ತೋಯಿಸಿ ಹಾಸಲಾಗುತ್ತದೆ. ಬಲವನ್ನು ಕೊಡುವುದು ಗಾಜು, ಅದನ್ನು ಒಟ್ಟಾಗಿ ಹಿಡಿದಿಡುವುದು ರೆಸಿನ್, ನೀರನ್ನು ತಡೆಯುವುದು ಜೆಲ್‌ಕೋಟ್. ಒಡಲು ಬಾಗದಂತೆ ಒಳತಳದಲ್ಲಿ ಉದ್ದುದ್ದವಾಗಿ ಸ್ಟ್ರಿಂಗರ್ ಎಂಬ ತೊಲೆಗಳಿರುತ್ತವೆ. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆಗೆ ಟ್ರಾನ್ಸಮ್ ಎಂದು ಹೆಸರು. ಹಳೆಯ ದೋಣಿಗಳಲ್ಲಿ ಈ ಎರಡರ ಒಳಗೂ ಸಾಮಾನ್ಯವಾಗಿ ಮರ ಅಥವಾ ಪ್ಲೈವುಡ್ ಇರುತ್ತದೆ. ಫೈಬರ್ ಕೊಳೆಯುವುದಿಲ್ಲ ಎಂಬ ಮಾತು ನಿಜವೇ. ಆದರೆ ಅದರೊಳಗಿನ ಮರ ಕೊಳೆಯುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಒಂದು ಸ್ಕ್ರೂ ತೂತಿನಿಂದ ಒಳಹೊಕ್ಕ ನೀರು ಹತ್ತು ವರ್ಷಗಳಲ್ಲಿ ಟ್ರಾನ್ಸಮ್ಮಿನ ಪ್ಲೈವುಡ್ಡನ್ನು ಕಾಫಿ ಪುಡಿಯಂತೆ ಮಾಡಬಲ್ಲದು. ಹೊರಮೈ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಸಿಹಿನೀರಿನ ತೊಂದರೆ

ಉಪ್ಪು ನೀರೇ ದೋಣಿಯ ಶತ್ರು ಎಂಬ ಭಾವನೆ ಸಾಮಾನ್ಯವಾಗಿದೆ. ಕಬ್ಬಿಣದ ಮಟ್ಟಿಗೆ ಅದು ಸರಿ. ಫೈಬರ್‌ಗ್ಲಾಸಿನ ಮಟ್ಟಿಗೆ ಸಂಗತಿ ತಿರುಗುಮುರುಗಾಗಿದೆ. ಜೆಲ್‌ಕೋಟ್ ಮೂಲಕ ನೀರಿನ ಅಣುಗಳು ಅತಿ ನಿಧಾನವಾಗಿ ಒಳನುಸುಳಿ, ರೆಸಿನ್‌ನಲ್ಲಿ ಉಳಿದ ಅಂಶಗಳೊಂದಿಗೆ ಬೆರೆತು ಆಮ್ಲಯುಕ್ತ ದ್ರವವಾಗುತ್ತವೆ. ಒಣದ್ರಾಕ್ಷಿಯನ್ನು ನೀರಿನಲ್ಲಿಟ್ಟರೆ ಉಬ್ಬುವಂತೆ, ಒಳಗಿನ ಸಾಂದ್ರ ದ್ರವವು ಹೊರಗಿನ ತೆಳು ನೀರನ್ನು ಎಳೆದುಕೊಳ್ಳುತ್ತದೆ. ಹೊರಗಿನ ನೀರು ಎಷ್ಟು ಸಿಹಿಯಾಗಿದೆಯೋ ಈ ಸೆಳೆತ ಅಷ್ಟು ಹೆಚ್ಚು. ಆದ್ದರಿಂದ ವರ್ಷವಿಡೀ ಜಲಾಶಯದಲ್ಲಿ ತೇಲುವ ದೋಣಿಗೆ ಕಡಲಿನ ದೋಣಿಗಿಂತ ಗುಳ್ಳೆರೋಗದ ಭಯ ಅಧಿಕ. ಗುಳ್ಳೆಯನ್ನು ಚುಚ್ಚಿದಾಗ ವಿನಿಗರ್‌ನಂತಹ ವಾಸನೆಯ ಅಂಟುದ್ರವ ಹೊರಬಂದರೆ ರೋಗ ಅದೇ ಎಂದು ತಿಳಿಯಬಹುದು. ಬಳಸದ ದಿನಗಳಲ್ಲಿ ದೋಣಿಯನ್ನು ದಡಕ್ಕೆ ಎಳೆದಿಡುವುದೇ ಇದಕ್ಕೆ ಖರ್ಚಿಲ್ಲದ ತಡೆ.

ಪರೀಕ್ಷೆ ಮೊದಲು, ದರ ಆಮೇಲೆ

ಕಣ್ಣಂದಾಜಿನ ಮೇಲೆ ದುರಸ್ತಿ ದರ ಹೇಳುವ ಕಾರ್ಯಾಗಾರ ನಷ್ಟಕ್ಕೆ ಗುರಿಯಾಗುವುದು ಖಂಡಿತ. ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆಯಿಂದ ಒಡಲನ್ನೆಲ್ಲ ಅಂಗೈಯಗಲದಷ್ಟು ಅಂತರದಲ್ಲಿ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗ ಟಣ್ಣೆನ್ನುತ್ತದೆ, ಪದರ ಬಿಟ್ಟ ಜಾಗ ದಪ್ಪೆನ್ನುತ್ತದೆ. ಅಂತಹ ಕಡೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಟ್ರಾನ್ಸಮ್ಮಿನ ಒಳಬದಿಯ ಕೆಳಭಾಗದಲ್ಲಿ ಸಣ್ಣ ಡ್ರಿಲ್ ಹಾಕಿದಾಗ ಹೊರಬರುವ ಹೊಟ್ಟು ಒಣದಾಗಿ ತಿಳಿಬಣ್ಣದಲ್ಲಿದ್ದರೆ ಕ್ಷೇಮ, ಕಪ್ಪಾಗಿ ಒದ್ದೆಯಾಗಿದ್ದರೆ ಹಲಗೆ ಹೋಗಿದೆ ಎಂದೇ ಅರ್ಥ. ನೆಲಹಾಸಿನ ಕೆಳಗೆ ತುಂಬಿದ ಫೋಮನ್ನೂ ತೆರೆದು ನೋಡಬೇಕು. ನೀರು ಕುಡಿದ ಫೋಮ್ ದೋಣಿಯನ್ನು ತೇಲಿಸುವ ಬದಲು ಅದಕ್ಕೇ ಹೊರೆಯಾಗುತ್ತದೆ. ಆಗ ಹತ್ತು ಜನರಿಗೆಂದು ಕಟ್ಟಿದ ದೋಣಿ ಎಂಟೇ ಜನರಿಗೆ ತುಂಬಿದಂತಾಗುತ್ತದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮಗುಚಿ ಪ್ರಾಣಹಾನಿಯಾದ ಬಳಿಕ ದೋಣಿಯಲ್ಲಿನ ತಲೆ ಎಣಿಕೆಯ ಮಾತು ಎಲ್ಲೆಡೆ ಕೇಳಿಬಂತು. ದೋಣಿಯ ಸ್ವಂತ ತೂಕ ಹೆಚ್ಚುವ ಮಾತು ಮಾತ್ರ ವಿರಳವಾಗಿ ಕೇಳಿಬರುತ್ತದೆ.

ಒಡಲಿನ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಪದರ ಬಿಟ್ಟಿದ್ದರೆ ದುರಸ್ತಿಗೆ ಕೈಹಾಕದಿರುವುದೇ ಒಳಿತು. ಬರಿಯ ಟ್ರಾನ್ಸಮ್, ಸ್ಟ್ರಿಂಗರ್ ಕೊಳೆತು ಒಡಲು ಗಟ್ಟಿಯಾಗಿದ್ದರೆ, ಅದು ನಿಜಕ್ಕೂ ಉಳಿಸತಕ್ಕ ದೋಣಿ. ಹಳೆಯ ಎಫ್‌ಆರ್‌ಪಿಯನ್ನು ಕಬ್ಬಿಣದಂತೆ ಕರಗಿಸಿ ಮಾರುವಂತಿಲ್ಲ, ಸುಟ್ಟರೆ ವಿಷದ ಹೊಗೆ. ಗುಜರಿಯ ಬೆಲೆಯೂ ಇಲ್ಲದ ವಸ್ತುವಾದ್ದರಿಂದ ದುರಸ್ತಿಯ ಲೆಕ್ಕ ಇನ್ನಷ್ಟು ಗಿಟ್ಟುತ್ತದೆ.

ಕೆಲಸದ ಕ್ರಮ

ದೋಣಿಯನ್ನು ಎರಡೇ ಕಡೆ ಆಧಾರ ಕೊಟ್ಟು ನಿಲ್ಲಿಸಿ ಒಳಗಿನ ತೊಲೆಗಳನ್ನು ಕಿತ್ತರೆ ಒಡಲು ಜೋತುಬಿದ್ದು ಆಕಾರವೇ ಕೆಡುತ್ತದೆ. ಹೊರಮೈಗೆ ಹೊಂದುವ ಮರದ ತೊಟ್ಟಿಲುಗಳನ್ನು ನಾಲ್ಕಾರು ಕಡೆ ಇರಿಸಿ, ಒಂದೊಂದೇ ಸ್ಟ್ರಿಂಗರ್ ತೆಗೆದು, ಅದರ ಜಾಗಕ್ಕೆ ಹೊಸದನ್ನು ಕೂರಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಹೊಸ ತೊಲೆ ಒಡಲಿಗೆ ನೇರವಾಗಿ ಒತ್ತಿ ಕೂರಬಾರದು. ನಡುವೆ ಪುಟ್ಟಿಯ ತೆಳು ಹಾಸಿಗೆ ಇರಬೇಕು, ಇಲ್ಲವಾದರೆ ಒತ್ತಿದ ಗೆರೆಯಲ್ಲೇ ಮುಂದೆ ಬಿರುಕು ಏಳುತ್ತದೆ. ಮೂಲೆಗಳನ್ನು ಪುಟ್ಟಿಯಿಂದ ದುಂಡಗೆ ಮಾಡಿ, ಗಾಜಿನ ಪಟ್ಟಿ ಒಡಲಿನ ಮೇಲೆ ಎರಡೂ ಬದಿ 75 ರಿಂದ 100 ಮಿ.ಮೀ. ಹರಡುವಂತೆ ಹಾಸಬೇಕು.

ಟ್ರಾನ್ಸಮ್ಮನ್ನು ಒಳಗಿನಿಂದ ತೆರೆಯುವುದು ಲೇಸು, ಹೊರಗಿನ ಆಕಾರ ಉಳಿಯುತ್ತದೆ. ಕೊಳೆತುದನ್ನು ಪೂರ್ತಿ ಕೆರೆದು ತೆಗೆದು, ಐಎಸ್ 710 ಗುರುತಿನ 18 ಮಿ.ಮೀ. ಮೆರೈನ್ ಪ್ಲೈವುಡ್ಡಿನ ಎರಡು ಹಲಗೆಗಳನ್ನು ಎಪಾಕ್ಸಿಯಿಂದ ಅಂಟಿಸಿದರೆ 36 ಮಿ.ಮೀ. ದಪ್ಪವಾಗುತ್ತದೆ. ಸಣ್ಣ ಔಟ್‌ಬೋರ್ಡ್ ಎಂಜಿನ್ನಿಗೆ ಅದು ಸಾಕು. ಪ್ಲೈವುಡ್ಡಿನ ಅಂಚುಗಳಿಗೆ ಎಪಾಕ್ಸಿ ಕುಡಿಸುವುದನ್ನೂ, ಪ್ರತಿ ಬೋಲ್ಟ್ ತೂತನ್ನು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ ಪುನಃ ಅಳತೆಗೆ ಕೊರೆಯುವುದನ್ನೂ ಕೆಲಸಗಾರರು ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಮೊದಲ ಟ್ರಾನ್ಸಮ್ ಕೊಳೆತದ್ದೂ ಹೀಗೆ ಬಿಟ್ಟ ತೂತಿನಿಂದಲೇ.

ಒಡಲಿನ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ದುರಸ್ತಿಯಲ್ಲ, ಮೋಸ. ತೂತಿನ ಸುತ್ತ ಒಡಲಿನ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. 6 ಮಿ.ಮೀ. ದಪ್ಪದ ಒಡಲಿನಲ್ಲಿ 100 ಮಿ.ಮೀ. ವ್ಯಾಸದ ತೂತಿದ್ದರೆ ಪ್ರತಿ ಬದಿಗೆ 72 ಮಿ.ಮೀ. ಇಳಿಜಾರು ಸೇರಿ ಒಟ್ಟು 244 ಮಿ.ಮೀ. ವ್ಯಾಸದ ತಟ್ಟೆಯಷ್ಟಾಗುತ್ತದೆ. 450 ಗ್ರಾಂ ಮ್ಯಾಟಿನ ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುವುದರಿಂದ ಆರು ಪದರ ಬೇಕು. ಇಷ್ಟಕ್ಕೆ ಹಿಡಿಯುವ ಮ್ಯಾಟ್ ಸುಮಾರು 70 ಗ್ರಾಂ, ರೆಸಿನ್ 150 ರಿಂದ 180 ಗ್ರಾಂ! ಖರ್ಚಾಗುವುದು ಸಾಮಗ್ರಿಯಲ್ಲ, ಉಜ್ಜುವ ಕೈಗಳ ಸಮಯ. ದರಪಟ್ಟಿಯನ್ನು ಕಿಲೋ ಲೆಕ್ಕದಲ್ಲಿ ಬರೆಯದೆ ಕೆಲಸದ ಗಂಟೆಗಳ ಲೆಕ್ಕದಲ್ಲಿ ಬರೆಯಬೇಕಾದುದು ಇದೇ ಕಾರಣಕ್ಕೆ.

ಹಳೆಯ ಮೈಗೆ ಪಾಲಿಯೆಸ್ಟರಿಗಿಂತ ಎಪಾಕ್ಸಿ ಚೆನ್ನಾಗಿ ಅಂಟುತ್ತದೆ. ಬೆಲೆ ಹೆಚ್ಚು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಎಪಾಕ್ಸಿ ಬಳಸಿದ ಕಡೆ ಮೇಲ್ಮೈಗೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ ಬಳಸುವುದು ಸೂಕ್ತ.

ಬೀದರದ ಹವೆ ಮತ್ತು ಕೆಲಸದ ಪಂಚಾಂಗ

ಕರಾವಳಿಯವರಿಗೆ ಇಲ್ಲದ ಅನುಕೂಲವೊಂದು ಇಲ್ಲಿನವರಿಗಿದೆ, ಅದು ಒಣ ಗಾಳಿ. ಗುಳ್ಳೆ ಎದ್ದ ಒಡಲಿನ ಜೆಲ್‌ಕೋಟ್ ಕೆರೆದು, ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು ಆಮ್ಲದ ಅಂಶ ಹೋಗಲಾಡಿಸಿ, ವಾರಗಟ್ಟಲೆ ಒಣಗಿಸಬೇಕಾಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೀದರದ ಗಾಳಿ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಒಣಗಿದೆಯೇ ಎಂದು ನೋಡಲು ಒಂದು ಚದರಡಿ ಪಾಲಿಥಿನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.

ಅದೇ ಬಿಸಿಲು ರೆಸಿನ್ ಕೆಲಸಕ್ಕೆ ಅಪಾಯ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರೆಸಿನ್ ಗಟ್ಟಿಯಾಗುವ ವೇಳೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. 40 ಡಿಗ್ರಿಯ ಮಧ್ಯಾಹ್ನದಲ್ಲಿ ಬಕೆಟ್ಟಿನಲ್ಲಿ ಕಲಸಿದ ರೆಸಿನ್ ಬ್ರಶ್ ಮುಟ್ಟುವ ಮೊದಲೇ ಹೊಗೆಯಾಡಬಹುದು. ಬೆಳಗಿನ ಒಂಬತ್ತರೊಳಗೆ ಕೆಲಸ ಮುಗಿಸುವುದು, ಹಾರ್ಡನರ್ ಪ್ರಮಾಣವನ್ನು ತಯಾರಕರು ಹೇಳಿದ ಕನಿಷ್ಠ ಮಿತಿಗೆ, ಸಾಮಾನ್ಯವಾಗಿ ಶೇ. 1ಕ್ಕೆ ಇಳಿಸುವುದು, ಅಗಲವಾದ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಕಲಸುವುದು ಇದಕ್ಕೆ ಉಪಾಯಗಳು. ಇನ್ನೊಂದು ಸಂಗತಿ ಗಂಭೀರವಾದುದು. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್‌ನ ಆವಿ ಸುಮಾರು 31 ಡಿಗ್ರಿಯಿಂದಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಂತಹದು. ಅಂದರೆ ಬೇಸಿಗೆಯುದ್ದಕ್ಕೂ ಬೀದರದ ತಗಡಿನ ಶೆಡ್ಡಿನೊಳಗೆ ತೆರೆದ ಡ್ರಮ್ಮು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಪಕ್ಕದಲ್ಲೇ ವೆಲ್ಡಿಂಗ್ ನಡೆಸುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು. ಕೋಬಾಲ್ಟ್ ಮತ್ತು ಹಾರ್ಡನರ್ ಇವೆರಡನ್ನೂ ನೇರವಾಗಿ ಎಂದಿಗೂ ಬೆರೆಸಕೂಡದು, ಸ್ಫೋಟವಾಗುತ್ತದೆ. ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಹಾರ್ಡನರ್ ಹಾಕಬೇಕು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಕೂಡಲೇ ಹದಿನೈದು ನಿಮಿಷ ನೀರಿನಿಂದ ತೊಳೆದು ವೈದ್ಯರ ಬಳಿ ಕರೆದೊಯ್ಯಬೇಕು. ಗಾಜಿನ ಧೂಳಿಗೂ ಸ್ಟೈರೀನ್ ಆವಿಗೂ ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕನ್ನೇ ಕೊಡಬೇಕು.

ಜೂನ್ ಮಳೆ ಹಿಡಿದ ಮೇಲೆ ತೇವದಿಂದ ಪದರಗಳು ಸರಿಯಾಗಿ ಅಂಟವು. ಡಿಸೆಂಬರ್‌, ಜನವರಿಯ ಚಳಿಯ ಬೆಳಗುಗಳಲ್ಲಿ ಪಾಲಿಯೆಸ್ಟರ್ ಗಟ್ಟಿಯಾಗಲು ತಡವಾಗುತ್ತದೆ. ಜಲಾಶಯದ ನೀರು ಇಳಿದಿರುವ ಬೇಸಿಗೆಯಲ್ಲಿ ದೋಣಿ ಹೇಗೂ ದಡದಲ್ಲಿರುವುದರಿಂದ ಫೆಬ್ರವರಿಯಲ್ಲಿ ಬಿಚ್ಚಿ ಮೇ ಕೊನೆಯೊಳಗೆ ಬಣ್ಣ ಮುಗಿಸುವುದೇ ಸರಿಯಾದ ಪಂಚಾಂಗ. ಸಾಮಗ್ರಿಗೆ ಸುಮಾರು 140 ಕಿ.ಮೀ. ದೂರದ ಹೈದರಾಬಾದ್ ಮಾರುಕಟ್ಟೆ ಇದೆ. ಡಬ್ಬದ ಮೇಲಿನ ತಯಾರಿಕೆಯ ದಿನಾಂಕ ನೋಡಿಯೇ ಕೊಳ್ಳಬೇಕು, ಬಿಸಿಲಿಗಿಟ್ಟ ರೆಸಿನ್ ಅವಧಿಗೆ ಮೊದಲೇ ಕೆಡುತ್ತದೆ. ದೋಣಿ ವಿನ್ಯಾಸದ ಬಗ್ಗೆ ಸಂದೇಹವಿದ್ದಲ್ಲಿ, ಬೀದರದಲ್ಲೇ ಕೇಂದ್ರವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಮಂಗಳೂರಿನ ಮೀನುಗಾರಿಕೆ ಕಾಲೇಜು ಸೇರಿದೆ ಎಂಬುದನ್ನು ಉದ್ಯಮಿಗಳು ಗಮನಿಸಬಹುದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯೂ ಇದೇ ಕ್ಷೇತ್ರದ್ದು.

ಒಪ್ಪಿಸುವ ಮುನ್ನ ದಡದ ಬಳಿ ಎದೆಮಟ್ಟದ ನೀರಿನಲ್ಲಿ ದೋಣಿಯನ್ನು ಇಳಿಸಿ, ಹೊರಬೇಕಾದ ಜನರ ತೂಕದಷ್ಟು ಮರಳಿನ ಚೀಲಗಳನ್ನು ಹರಡಿಟ್ಟು ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ತಳದಲ್ಲಿ ನೀರು ನಿಂತಿರಬಾರದು, ನೀರಿನ ಗೆರೆ ಮೇಲೇರಿರಬಾರದು. ಎಂಜಿನ್ ಇರುವ ಒಳನಾಡು ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯು ತಪಾಸಣೆ ಹಾಗೂ ನೋಂದಣಿಯನ್ನು ವಿಧಿಸಿದೆ. ಆದ್ದರಿಂದ ತೆಗೆದ ಹಲಗೆಯ ಫೋಟೋ, ಬಳಸಿದ ಸಾಮಗ್ರಿಯ ಬಿಲ್ಲು, ಹಾಸಿದ ಪದರಗಳ ಸಂಖ್ಯೆ, ಹೊರೆ ಪರೀಕ್ಷೆಯ ದಿನಾಂಕ ಇವಿಷ್ಟನ್ನೂ ಒಂದು ಕಡತದಲ್ಲಿ ಸೇರಿಸಿ ಮಾಲೀಕನಿಗೆ ದೋಣಿಯೊಂದಿಗೇ ಕೊಡಬೇಕು.